ಸೋಯಾ ಅವರೆ ಬೀಜದ ಕಸುವು

ಬೀಜದ ಚೀಲದ ಚೀಟಿಯಲ್ಲಿ ‘ಮೊಳಕೆ ಶೇಕಡಾ 70’ ಎಂದಿರುವುದನ್ನು ನೀವು ಓದಿರಬಹುದು. ಪ್ರಮಾಣಿತ ಸೋಯಾ ಅವರೆಗೆ ನಮ್ಮ ದೇಶದಲ್ಲಿ ವಿಧಿಸಿರುವ ಕನಿಷ್ಠ ಮಿತಿ ಅದು. ಆದರೆ ಆ ಎಪ್ಪತ್ತು ಕಾಳುಗಳು ಮೊಳೆತದ್ದು ಎಲ್ಲಿ? ಹದವಾದ ತೇವವೂ ಹದವಾದ ಶಾಖವೂ ಒದಗಿದ ಪ್ರಯೋಗಶಾಲೆಯಲ್ಲಿ. ಹೊಲದಲ್ಲಿ ಅಂಥ ಉಪಚಾರವುಂಟೆ? ಬಿತ್ತಿದ ಮರುದಿನ ಜಡಿಮಳೆ, ಆಮೇಲೆ ನಾಲ್ಕು ದಿನ ಬಿಸಿಲು, ಮೇಲೆ ಹೆಪ್ಪುಗಟ್ಟಿದ ಮಣ್ಣು. ಎರಡು ದಪ್ಪ ಬೇಳೆಗಳನ್ನು ತಲೆಯ ಮೇಲೆ ಹೊತ್ತು ಸಸಿ ಅದನ್ನು ಭೇದಿಸಿಕೊಂಡು ಏಳಬೇಕು. ಈ ಸಾಮರ್ಥ್ಯವನ್ನು ಶಾಸ್ತ್ರಜ್ಞರು ಬೀಜದ ‘ಓಜಸ್ಸು’ ಎನ್ನುತ್ತಾರೆ. ನನಗೆ ನಮ್ಮ ‘ಕಸುವು’ ಎಂಬ ದೇಶ್ಯ ಪದವೇ ಹಿತವಾಗಿದೆ.

ಮೊಳಕೆಯ ಅಂಕಿ ಒಂದೇ ಆಗಿದ್ದರೂ ಕಸುವು ಬೇರೆ ಬೇರೆಯಾಗಿರಬಹುದು. 2020ರ ಮುಂಗಾರಿನಲ್ಲಿ ಮಹಾರಾಷ್ಟ್ರದ ರೈತರು ಸೋಯಾ ಹುಟ್ಟಲಿಲ್ಲವೆಂದು ದೂರು ಕೊಟ್ಟು, ಎಷ್ಟೋ ಮಂದಿ ಎರಡನೆಯ ಸಲ ಬಿತ್ತಬೇಕಾಯಿತು. ಬೀದರ, ಬೆಳಗಾವಿ, ಧಾರವಾಡಗಳ ಸೋಯಾ ಬೆಳೆಗಾರರಿಗೂ ಈ ಭಯ ಹೊಸದಲ್ಲ.

ಸೋಯಾ ಹುಟ್ಟಿನಿಂದಲೇ ಸುಕುಮಾರ. ಅದರ ಸಿಪ್ಪೆ ತೆಳು. ಬೇರಿನ ಮೊಳೆ ಆ ಸಿಪ್ಪೆಯ ಕೆಳಗೇ ಇರುವುದರಿಂದ ಚೀಲವನ್ನು ದೊಪ್ಪನೆ ಎಸೆದರೂ ಪೆಟ್ಟು ತಗಲುತ್ತದೆ. ಕಾಳಿನಲ್ಲಿ ಐದರಲ್ಲೊಂದು ಪಾಲು ಎಣ್ಣೆ; ಅದು ಕೆಡುತ್ತ ಬಂದಂತೆ ಜೀವಕೋಶಗಳ ಪೊರೆಯೂ ಸಡಿಲವಾಗುತ್ತದೆ. ಅಕ್ಟೋಬರಿನಲ್ಲಿ ಕೊಯ್ದ ಕಾಳು ಬೇಸಗೆಯನ್ನೆಲ್ಲ ದಾಟಿ ಜೂನ್ ತಿಂಗಳನ್ನು ಮುಟ್ಟಬೇಕು.

ಇದನ್ನು ಅಳೆಯುವ ಒಂದು ಉಪಾಯ ಬೀಜಕ್ಕೆ ಬೇಗನೆ ಮುಪ್ಪು ತರಿಸುವುದು. ಮುಚ್ಚಿದ ಡಬ್ಬಿಯ ತಳದಲ್ಲಿ ನೀರಿಟ್ಟು, ಮೇಲಿನ ಜಾಲರಿಯಲ್ಲಿ ಕಾಳನ್ನು ಒಂದೇ ಪದರವಾಗಿ ಹರಡಿ, 41 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 72 ಗಂಟೆ ಇಡುತ್ತಾರೆ. ಆಮೇಲೆ ಮೊಳಕೆ ನೋಡುತ್ತಾರೆ. ಮೊದಲು ತಲಾ 80 ಮೊಳೆಯುತ್ತಿದ್ದ ಎರಡು ರಾಶಿಗಳಲ್ಲಿ ಒಂದು ಈಗ 75 ಕೊಟ್ಟು ಇನ್ನೊಂದು 30ಕ್ಕೆ ಇಳಿದರೆ, ಯಾವುದು ಗಟ್ಟಿಯೆಂದು ಬೇರೆ ಹೇಳಬೇಕೆ?

ಇನ್ನೊಂದರಲ್ಲಿ ತೂಗಿದ 50 ಕಾಳುಗಳನ್ನು 250 ಮಿಲಿಲೀಟರ್ ಶುದ್ಧ ನೀರಿನಲ್ಲಿ ಒಂದು ದಿನ ನೆನೆಯಿಟ್ಟು, ಆ ನೀರಿನ ವಿದ್ಯುದ್ವಾಹಕತೆಯನ್ನು ಅಳೆಯುತ್ತಾರೆ. ಪೊರೆ ಸಡಿಲವಾದ ಕಾಳಿನಿಂದ ಲವಣಗಳು ಸೋರಿ ವಿದ್ಯುತ್ತು ಹೆಚ್ಚು ಹರಿಯುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಟೆಟ್ರಜೋಲಿಯಂ ಪರೀಕ್ಷೆ. ಜರ್ಮನಿಯ ಜಾರ್ಜ್ ಲಾಕೋನ್ 1940ರ ದಶಕದಲ್ಲಿ ಇದನ್ನು ರೂಢಿಗೆ ತಂದರು. ಬಣ್ಣವಿಲ್ಲದ ಈ ಲವಣದ ದ್ರಾವಣದಲ್ಲಿ ನೆನೆದ ಕಾಳನ್ನಿಟ್ಟರೆ, ಉಸಿರಾಡುವ ಜೀವಕೋಶಗಳು ಅದನ್ನು ಕೆಂಪಾಗಿಸುತ್ತವೆ. ಕಾಳನ್ನು ಸೀಳಿ ನೋಡಿದರೆ ಆರೋಗ್ಯದ ಭಾಗ ತಿಳಿಗೆಂಪು, ನೊಂದ ಭಾಗ ಕಡುಗೆಂಪು, ಸತ್ತ ಭಾಗ ಬಿಳುಪು. ಪೆಟ್ಟು ಬಿದ್ದದ್ದೋ, ಮಳೆಗೆ ನೆನೆದದ್ದೋ, ತಿಗಣೆ ಚುಚ್ಚಿದ್ದೋ ಎಂಬುದನ್ನು ಕೂಡ ನುರಿತ ಕಣ್ಣು ಗುರುತಿಸುತ್ತದೆ. ಒಂದು ದಿನದಲ್ಲಿ ಫಲ ತಿಳಿಯುತ್ತದೆ. ನುರಿತ ಕಣ್ಣು ಸಿಕ್ಕುವುದೇ ಕಷ್ಟ.

ಈ ಉಪಕರಣಗಳು ನಿಮ್ಮ ಮನೆಯಲ್ಲಿರಲಾರವು. ಆದರೂ ಮೇ ತಿಂಗಳ ಕೊನೆಯಲ್ಲಿ ಒಂದು ಕೆಲಸ ಮಾಡಬಹುದು. ಒದ್ದೆ ಗೋಣಿಯಲ್ಲಿ ನೂರು ಕಾಳು ಸುತ್ತಿಡಿ. ಇನ್ನು ನೂರನ್ನು ನಿಮ್ಮ ಹೊಲದ ಮಣ್ಣನ್ನೇ ತುಂಬಿದ ಬುಟ್ಟಿಯಲ್ಲಿ ಮೂರು ನಾಲ್ಕು ಸೆಂಟಿಮೀಟರ್ ಆಳಕ್ಕೆ ಊರಿ. ಕಾಳನ್ನು ಆರಿಸಬೇಡಿ, ಕೈಗೆ ಬಂದದ್ದನ್ನೇ ಎಣಿಸಿ. ಎಂಟು ದಿನದ ಮೇಲೆ ಎರಡನ್ನೂ ಹೋಲಿಸಿ. ಗೋಣಿಯಲ್ಲಿ 75 ಮೊಳೆತು ಮಣ್ಣಿನಿಂದ 45 ಮಾತ್ರ ಎದ್ದರೆ ಬೀಜಕ್ಕೆ ಕಸುವಿಲ್ಲ. ಬುಟ್ಟಿಯಲ್ಲಿ 60 ಎದ್ದರೆ, ಎಕರೆಗೆ 25 ಕಿಲೋ ಹಾಕುವವರು 29 ಕಿಲೋ ಹಾಕಿ ಸರಿದೂಗಿಸಬಹುದು. 50ಕ್ಕಿಂತ ಕೆಳಗಾದರೆ ಆ ಬೀಜವನ್ನು ಬಿತ್ತದೆ ಬೇರೆಯದನ್ನು ಹುಡುಕಿ. ಜೂನಿಗೆ ಇನ್ನೂ ಕೆಲವು ದಿನಗಳಿರುತ್ತವೆ. ಔಷಧ ಹಚ್ಚಿರದ ಕಾಳಾದರೆ ಎಣ್ಣೆಯ ಗಿರಣಿಗೆ ಹೋಗಲಿ. ಹಚ್ಚಿದ್ದಾದರೆ ಅದು ದನದ ಬಾಯಿಗೂ ಬೀಳಬಾರದು.