ಬಿಡಿಭಾಗಗಳ ಪಾಠಾಂತರ

ಮೂವತ್ತು ವರ್ಷಗಳಿಗೂ ಮೀರಿ ಹಳಗನ್ನಡ ಕಾವ್ಯವನ್ನೂ ಗ್ರಂಥಸಂಪಾದನ ಶಾಸ್ತ್ರವನ್ನೂ ಪಾಠ ಹೇಳಿಕೊಂಡಿದ್ದವನು ಮೋಟಾರು ಕಾರಿನ ಬಿಡಿಭಾಗಗಳನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ಸೋಜಿಗವಾಗುವುದು ಸಹಜವೇ. ಆದರೆ ನಿವೃತ್ತನ ಮನೆಯ ಮುಂದೆ ಒಂದು ಕಾರಿರುವುದೂ, ಒಡೆಯನೊಡನೆ ಅದಕ್ಕೂ ವಯಸ್ಸಾಗುವುದೂ, ಅದರ ಅಂಗಾಂಗಗಳನ್ನು ಒಂದೊಂದಾಗಿ ಬದಲಿಸಬೇಕಾಗಿ ಬರುವುದೂ ಈಗಿನ ಗೃಹಸ್ಥಾಶ್ರಮದ ಲಕ್ಷಣಗಳೇ ಆಗಿವೆ. ಪ್ರತಿ ಸಲವೂ ಮೆಕ್ಯಾನಿಕ್ಕು ಎಣ್ಣೆಗೈಯನ್ನು ಬಟ್ಟೆಗೆ ಒರಸಿಕೊಳ್ಳುತ್ತ ಅದೇ ಪ್ರಶ್ನೆಯನ್ನು ಕೇಳುತ್ತಾನೆ: "ಒರಿಜಿನಲ್ ಹಾಕ್ಲಾ ಸಾರ್, ಲೋಕಲ್ ಸಾಕಾ?" ಮೊದಲನೆಯದು ದುಬಾರಿ, ಎರಡನೆಯದು ಅಗ್ಗ. ಜೇಬನ್ನು ಮುಟ್ಟಿ ನೋಡಿಕೊಂಡು ಉತ್ತರ ಹೇಳಬೇಕು ಎಂಬುದಷ್ಟೇ ಸಾಮಾನ್ಯ ತಿಳಿವಳಿಕೆ.

ನನಗೆ ತೋರುವಂತೆ ಈ ಪ್ರಶ್ನೆಯ ರಚನೆಯಲ್ಲಿಯೇ ದೋಷವಿದೆ. 'ಒರಿಜಿನಲ್' ಎಂದರೆ ಕಾರು ಮಾಡಿದ ಕಂಪನಿಯೇ ಮಾಡಿದ್ದು, 'ಲೋಕಲ್' ಎಂದರೆ ಬೇರೆ ಯಾರೋ ಮಾಡಿದ್ದು ಎಂದು ನಾವು ತಿಳಿದಿರುತ್ತೇವೆ. ವಾಸ್ತವವಾಗಿ ಕಾರಿನ ಕಂಪನಿ ಸಾಮಾನ್ಯವಾಗಿ ಹೊರಮೈಯನ್ನೂ ಎಂಜಿನ್ನಿನ ಮುಖ್ಯಭಾಗಗಳನ್ನೂ ತಾನೇ ಮಾಡಿ, ಉಳಿದುದರಲ್ಲಿ ಬಹುಪಾಲನ್ನು ಹತ್ತಾರು ಕಾರ್ಖಾನೆಗಳಿಂದ ತರಿಸಿ ಜೋಡಿಸುತ್ತದೆ. ಬೆಂಗಳೂರಿನವರಿಗೆ ಇದನ್ನು ಹೊಸದಾಗಿ ಹೇಳಬೇಕಾಗಿಲ್ಲ. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಆಡುಗೋಡಿಯ ತನ್ನ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಪಂಪುಗಳನ್ನೂ ಮಾಡುತ್ತ ಬಂದಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಅದು ಒಂದೇ ಒಂದು ಕಾರನ್ನೂ ಮಾರಲಿಲ್ಲ. ಆದರೆ ದೇಶದ ಎಷ್ಟೋ ವಾಹನಗಳ ಎದೆಯಲ್ಲಿ ಅದರ ಪಂಪು ಮಿಡಿಯುತ್ತಿತ್ತು. ಮೈಸೂರಿನ ವಿಕ್ರಾಂತ್ ಟೈರು, 1961ರಲ್ಲಿ ಆರಂಭವಾದ ಲೂಕಾಸ್-ಟಿವಿಎಸ್‌ನ ಸ್ಟಾರ್ಟರು, ಎಲ್ಲವೂ ಈ ಜಾತಿಯವೇ.

ಟೈರಿನ ಮಾತು ಬಂದಾಗ ಒಂದು ವಿಚಿತ್ರವನ್ನು ಗಮನಿಸಬೇಕು. ಟೈರು ಕೊಳ್ಳಲು ಹೋದವರು ಯಾರೂ "ಕಾರಿನ ಕಂಪನಿಯ ಟೈರನ್ನೇ ಕೊಡಿ" ಎಂದು ಹಟ ಹಿಡಿಯುವುದಿಲ್ಲ. ಬ್ಯಾಟರಿಯ ವಿಷಯದಲ್ಲೂ ಹಾಗೆಯೇ. ಕಾರಿಗೂ ನೆಲಕ್ಕೂ ಇರುವ ಏಕೈಕ ಸಂಬಂಧವಾದ ಟೈರಿನಲ್ಲಿ ನಮಗಿರುವ ಈ ಸ್ವಾತಂತ್ರ್ಯ ಒಂದು ಎಣ್ಣೆಯ ಫಿಲ್ಟರಿಗೆ ಬಂದೊಡನೆ ಏಕೆ ಭಯವಾಗಿ ಮಾರ್ಪಡುತ್ತದೆ? ಟೈರಿನ ಮೈಮೇಲೆ ಮಾಡಿದವನ ಹೆಸರು ದೊಡ್ಡದಾಗಿ ಕೆತ್ತಿರುತ್ತದೆ. ಫಿಲ್ಟರಿನ ಮೇಲೆ ಪೆಟ್ಟಿಗೆಯವನ ಹೆಸರಿರುತ್ತದೆ. ಭಯಕ್ಕೆ ಕಾರಣ ಇಷ್ಟೇ ಎಂದು ನನ್ನ ಊಹೆ.

ಗ್ರಂಥಸಂಪಾದನೆಯ ಪರಿಭಾಷೆ ಇಲ್ಲಿ ನನ್ನ ನೆರವಿಗೆ ಬಂದಿದೆ. ಒಂದು ಕಾವ್ಯದ ಹಲವು ಓಲೆಪ್ರತಿಗಳು ಕೈಗೆ ಬಂದಾಗ 'ಇದು ಮೂಲ, ಇದು ಮೂಲವಲ್ಲ' ಎಂದು ಎರಡು ರಾಶಿ ಹಾಕಿ ಕೈತೊಳೆದುಕೊಳ್ಳಲಾಗದು. ಪ್ರತಿ ಯಾರ ಕೈಯಿಂದ ಬಂತು, ಯಾವ ಪರಂಪರೆಯದು, ಪಾಠ ಶುದ್ಧವಾಗಿದೆಯೇ ಎಂದು ಕೇಳಬೇಕಾಗುತ್ತದೆ. ಬಿಡಿಭಾಗಗಳಲ್ಲಿಯೂ ಹಾಗೆಯೇ ನಾಲ್ಕು ಬಗೆಗಳಿವೆ. ಕಾರಿನ ಕಂಪನಿಯ ಪೆಟ್ಟಿಗೆಯಲ್ಲಿ, ಅದರ ಮುದ್ರೆಯೊಡನೆ ಬರುವ ಭಾಗ ಅಧಿಕೃತ ಮುದ್ರಣವಿದ್ದಂತೆ. ಆ ಭಾಗವನ್ನು ಕಂಪನಿಗೆ ಒದಗಿಸಿದ ಕಾರ್ಖಾನೆಯೇ ತನ್ನ ಸ್ವಂತ ಹೆಸರಿನಲ್ಲಿ ಅಂಗಡಿಗೆ ಬಿಡುವುದು ಅದೇ ಲಿಪಿಕಾರನ ಇನ್ನೊಂದು ಪ್ರತಿ. ಕಾರಿನ ಕಂಪನಿಗೆ ಎಂದೂ ಒದಗಿಸದಿದ್ದರೂ ಅಳತೆಗೆ ಸರಿಯಾಗಿ ಬೇರೊಬ್ಬ ತಯಾರಕ ತನ್ನ ಹೆಸರಿನಲ್ಲಿಯೇ ಮಾಡಿ ಮಾರುವುದು ಪಾಠಾಂತರ. ಕೆಲವು ಪಾಠಾಂತರಗಳು ಮೂಲಕ್ಕಿಂತ ಚೆನ್ನಾಗಿರುವುದೂ ಉಂಟು, ಹೊಲಸಾಗಿರುವುದೂ ಉಂಟು. ನಾಲ್ಕನೆಯದು ಮತ್ತೊಬ್ಬನ ಹೆಸರನ್ನು ಕದ್ದು ಹಾಕಿಕೊಂಡು ಬರುವ ಪ್ರಕ್ಷಿಪ್ತ. ಮೆಕ್ಯಾನಿಕ್ಕಿನ 'ಲೋಕಲ್' ಎಂಬ ಒಂದೇ ಮಾತಿನ ಅಡಿಯಲ್ಲಿ ಎರಡನೆಯದೂ ಮೂರನೆಯದೂ ನಾಲ್ಕನೆಯದೂ ಒಟ್ಟಿಗೆ ಮಲಗಿರುತ್ತವೆ. ಅಪಾಯವಿರುವುದು ಈ ಸಹಶಯನದಲ್ಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಪಾಲುದಾರನಾಗಿದ್ದಾನೆ. ಛಂದಸ್ಸಿನಲ್ಲಿ ಅವನು ಪಡೆದ ಅಂಕಗಳನ್ನು ಇಲ್ಲಿ ಹೇಳುವುದು ಬೇಡ. ತನ್ನ ಕಸುಬಿನಲ್ಲಿ ಮಾತ್ರ ಅವನು ಪಂಡಿತ. ಒಮ್ಮೆ ಎರಡು ಎಣ್ಣೆ ಫಿಲ್ಟರುಗಳನ್ನು ಗರಗಸದಿಂದ ಕೊಯ್ದು ನನ್ನ ಮುಂದಿಟ್ಟ. ಹೊರಗಿನ ತಗಡು, ಬಣ್ಣ, ಅಕ್ಷರ ಎಲ್ಲವೂ ಅವಳಿಜವಳಿ. ಒಳಗೆ, ಒಂದರಲ್ಲಿ ಮಡಿಕೆ ಮಡಿಕೆಯಾಗಿ ಒತ್ತಾಗಿ ಕೂಡಿಸಿದ ಕಾಗದ. ಎಂಜಿನ್ನು ನಿಂತಾಗ ಎಣ್ಣೆ ಕೆಳಕ್ಕೆ ಇಳಿದುಹೋಗದಂತೆ ತಡೆಯುವ ರಬ್ಬರಿನ ಕವಾಟ. ಕಾಗದ ಕಟ್ಟಿಕೊಂಡರೂ ಎಂಜಿನ್ನಿಗೆ ಎಣ್ಣೆ ತಪ್ಪದಂತೆ ಬಳಸುದಾರಿಯನ್ನು ತೆರೆಯುವ ಸ್ಪ್ರಿಂಗಿನ ಕವಾಟ. ಇನ್ನೊಂದರಲ್ಲಿ ವಿರಳವಾದ ಮಡಿಕೆಗಳು, ಸಡಿಲವಾದ ಅಂಟು, ರಬ್ಬರಿನ ಕವಾಟವೇ ಇಲ್ಲ. ಇಂಥದನ್ನು ಹಾಕಿದ ಕಾರು ಮರುದಿನವೇ ನಿಂತುಹೋಗುವುದಿಲ್ಲ. ಪ್ರತಿದಿನ ಬೆಳಗ್ಗೆ ಎಂಜಿನ್ನು ಕೆಲವು ಕ್ಷಣ ಎಣ್ಣೆಯಿಲ್ಲದೆ ಒಣಗಿ ತಿರುಗುತ್ತದೆ, ಅಷ್ಟೇ. ಅದರ ಲೆಕ್ಕ ಹಲವು ವರ್ಷಗಳ ಮೇಲೆ ಬರುತ್ತದೆ. ಆಗ ಫಿಲ್ಟರನ್ನು ಯಾರೂ ನೆನೆಯುವುದಿಲ್ಲ.

ಹಾಗಾದರೆ ಎರಡನೆಯ ಬಗೆಯದನ್ನೇ, ಅಂದರೆ ಮೂಲ ತಯಾರಕನ ಸ್ವಂತ ಪೆಟ್ಟಿಗೆಯದನ್ನೇ, ಕಣ್ಣುಮುಚ್ಚಿ ಕೊಳ್ಳಬಹುದಲ್ಲವೇ ಎಂದು ನಾನು ಕೇಳಿದೆ. ಬಹುಮಟ್ಟಿಗೆ ಹೌದು ಎಂದ. ಆದರೆ ಒಂದು ಸೂಕ್ಷ್ಮವನ್ನೂ ತಿಳಿಸಿದ. ಕಾರಿನ ಕಂಪನಿ ಕೊಟ್ಟ ನಕ್ಷೆಯೊಂದು, ಒಪ್ಪಿದ ಮಿಶ್ರಣವೊಂದು, ಮಾಡುವ ತಪಾಸಣೆಯೊಂದು. ಅದೇ ಕಾರ್ಖಾನೆ ಪೇಟೆಗೆಂದು ಮಾಡುವ ಸರಕು ಕೆಲವೊಮ್ಮೆ ಬೇರೆ ದರ್ಜೆಯದಾಗಿರಬಹುದು. ಒಬ್ಬನೇ ಕವಿ ಆಸ್ಥಾನಕ್ಕೆ ಒಂದು ಬಗೆಯಾಗಿ, ಜಾತ್ರೆಗೆ ಇನ್ನೊಂದು ಬಗೆಯಾಗಿ ಬರೆದಂತೆ. ಕಂಪನಿಯ ಪೆಟ್ಟಿಗೆಗೆ ತೆರುವ ಹೆಚ್ಚಿನ ಹಣದಲ್ಲಿ ಸ್ವಲ್ಪವಾದರೂ ಈ ತಪಾಸಣೆಗೆ, ಹಳೆಯ ಮಾದರಿಗಳ ಭಾಗಗಳನ್ನು ವರ್ಷಾನುಗಟ್ಟಲೆ ಉಗ್ರಾಣದಲ್ಲಿ ಇರಿಸಿಕೊಳ್ಳುವುದಕ್ಕೆ ಸಲ್ಲುತ್ತದೆ ಎಂಬುದನ್ನು ಒಪ್ಪಿಕೊಳ್ಳಬೇಕು. ಎಲ್ಲವೂ ಸುಲಿಗೆಯಲ್ಲ.

ಸುಲಿಗೆ ಇಲ್ಲವೇ ಇಲ್ಲ ಎಂದೂ ಅಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಬಿಡಿಭಾಗಗಳನ್ನೂ ದುರಸ್ತಿಯ ಕೈಪಿಡಿ, ಉಪಕರಣಗಳನ್ನೂ ಹೊರಗಿನ ಮೆಕ್ಯಾನಿಕ್ಕುಗಳಿಗೆ ಸಿಗದಂತೆ ಕಟ್ಟಿಹಾಕಿದ್ದರು ಎಂಬುದೇ ಆರೋಪದ ಸಾರ. ಕಂಪನಿಗಳು ಮೇಲ್ಮನವಿಯ ಹಾದಿ ಹಿಡಿದವು. ಆದರೆ ಗಿರಾಕಿಯ ಸಂಕಟಕ್ಕೆ ಒಂದು ಅಧಿಕೃತ ದಾಖಲೆಯಂತೂ ಆಯಿತು. ಅಮೆರಿಕದಲ್ಲಿ 1975ರ ಕಾನೂನೊಂದು, ನಮ್ಮ ಭಾಗವನ್ನೇ ಹಾಕದಿದ್ದರೆ ವಾರಂಟಿ ಇಲ್ಲ ಎಂದು ಷರತ್ತು ಹಾಕುವುದನ್ನು ಸಾಮಾನ್ಯವಾಗಿ ನಿಷೇಧಿಸಿತು. ಯೂರೋಪಿನವರು 2002ರ ನಿಯಮದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರಿಗೆ ಒದಗಿಸಿದ ಕಾರ್ಖಾನೆಯೇ ಅದೇ ನಿರ್ದಿಷ್ಟ ಮಾನಕ್ಕೆ ಅನುಸಾರವಾಗಿ ಮಾಡಿದ್ದನ್ನೂ 'ಮೂಲಭಾಗ'ವೆಂದೇ ಕರೆಯಬೇಕೆಂದರು. ಸಂಪಾದಕನಾದವನು ಮೆಚ್ಚಬೇಕಾದ ವ್ಯಾಖ್ಯೆ ಅದು.

ಇಷ್ಟೆಲ್ಲ ತಿಳಿದ ಮೇಲೂ ಅಂಗಡಿಯ ಕಟ್ಟೆಯ ಮೇಲೆ ನಿಂತಾಗ ನಿರ್ಧಾರವೊಂದನ್ನು ಮಾಡಲೇಬೇಕಲ್ಲ. ನಾನು ನನಗೇ ಹಾಕಿಕೊಳ್ಳುವ ಪ್ರಶ್ನೆ ಬೆಲೆಯದಲ್ಲ: ಈ ಭಾಗ ಕೈಕೊಟ್ಟರೆ ಏನಾಗುತ್ತದೆ? ವೈಪರಿನ ರಬ್ಬರು ಕೈಕೊಟ್ಟರೆ ಮಳೆಯಲ್ಲಿ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸುತ್ತೇನೆ. ಗಾಳಿಯ ಫಿಲ್ಟರು, ಹಾರನ್ನು, ಬಾಗಿಲ ಹಿಡಿ, ಕನ್ನಡಿಯ ಹೊರಕವಚ, ಇವುಗಳಲ್ಲಿ ಹೆಸರುಳ್ಳ ಯಾವ ತಯಾರಕನದಾದರೂ ಸರಿ. ದೀಪದ ಬಲ್ಬಿಗೂ ಹಾಗೆಯೇ. ಆದರೆ 60/55 ವಾಟಿನದು ಇರಬೇಕಾದ ಕಡೆ ಬೆಳಕು ಹೆಚ್ಚಲಿ ಎಂದು 100/90 ವಾಟಿನದನ್ನು ಹಾಕಿಸಿಕೊಳ್ಳುವವರಿದ್ದಾರೆ. ತಂತಿಗಳು ಆ ಭಾರಕ್ಕೆ ಹುಟ್ಟಿದವಲ್ಲ. ಎದುರಿನಿಂದ ಬರುವವನ ಕಣ್ಣೂ ಅಲ್ಲ.

ಎಂಜಿನ್ನಿನ ಟೈಮಿಂಗ್ ಬೆಲ್ಟು ಬೇರೆ ಮಾತು. ಎಷ್ಟೋ ಎಂಜಿನ್ನುಗಳಲ್ಲಿ ಅದು ಓಡುವಾಗ ಹರಿದರೆ ಪಿಸ್ಟನ್ನು ಹೋಗಿ ಕವಾಟಗಳನ್ನು ಬಡಿಯುತ್ತದೆ. ಬೆಲ್ಟಿನಲ್ಲಿ ಉಳಿಸಿದ ಹಣದ ಎಷ್ಟೋ ಪಾಲು ಎಂಜಿನ್ನಿಗೆ ತೆರಬೇಕಾಗುತ್ತದೆ. ಏರ್‌ಬ್ಯಾಗಿನ ಯಾವ ತುಣುಕಿಗೂ ಪರ್ಯಾಯದ ಯೋಚನೆಯೇ ಸಲ್ಲದು.

ಬ್ರೇಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬ್ರೇಕ್ ಪ್ಯಾಡ್ ಎಂದರೆ ಒಂದು ಉಕ್ಕಿನ ಹಲಗೆಯ ಮೇಲೆ ಲೋಹದ ಎಳೆ, ಗ್ರಾಫೈಟು, ರಾಳ ಮೊದಲಾದವುಗಳ ಮಿಶ್ರಣವನ್ನು ಬಿಸಿಯಲ್ಲಿ ಒತ್ತಿ ಕೂಡಿಸಿದ ಬಿಲ್ಲೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಇರುವ ಅಂತರ ಊರೊಳಗಿನ ಓಡಾಟದಲ್ಲಿ ಗೊತ್ತೇ ಆಗುವುದಿಲ್ಲ; ಎರಡೂ ಕಾರನ್ನು ನಿಲ್ಲಿಸುತ್ತವೆ. ಪರೀಕ್ಷೆ ನಡೆಯುವುದು ಆಗುಂಬೆಯಲ್ಲಿ, ಚಾರ್ಮಾಡಿಯಲ್ಲಿ. ಇಳಿಜಾರಿನಲ್ಲಿ ಮತ್ತೆ ಮತ್ತೆ ಒತ್ತಿದಾಗ ಬಿಲ್ಲೆ ಕಾಯುತ್ತದೆ. ಕಳಪೆ ಮಿಶ್ರಣದ ರಾಳ ಆ ಕಾವಿಗೆ ಕೆಟ್ಟು ಅನಿಲವಾಗುತ್ತದೆ, ಘರ್ಷಣೆ ಕುಸಿಯುತ್ತದೆ. ಕಾಲಿಗೆ ಪೆಡಲು ಗಟ್ಟಿಯಾಗಿಯೇ ಸಿಗುತ್ತದೆ, ಕಾರು ಮಾತ್ರ ನಿಧಾನಿಸುವುದಿಲ್ಲ. ನನ್ನ ಸಹೋದ್ಯೋಗಿಯೊಬ್ಬರಿಗೆ ಮಗಳ ಮನೆಯಿಂದ ಮರಳುವಾಗ ಆಗುಂಬೆ ಘಾಟಿಯಲ್ಲಿ ಇದೇ ಅನುಭವವಾಯಿತು. ಎರಡನೆಯ ಗೇರಿಗೆ ಇಳಿಸಿ, ಕೈಬ್ರೇಕನ್ನು ಮೆಲ್ಲಗೆ ಎಳೆಯುತ್ತ, ಬೆಟ್ಟದ ಬದಿಯ ಚರಂಡಿಗೆ ಚಕ್ರವನ್ನು ತಾಗಿಸಿ ನಿಲ್ಲಿಸಿದರು. ಹಿಂದಿನ ಸೀಟಿನಲ್ಲಿ ಇಬ್ಬರು ಮೊಮ್ಮಕ್ಕಳು ನಿದ್ರಿಸುತ್ತಿದ್ದರಂತೆ, ಎಚ್ಚರವೂ ಆಗಲಿಲ್ಲವಂತೆ. ಆಮೇಲೆ ಚಕ್ರ ಬಿಚ್ಚಿಸಿ ನೋಡಿದರೆ ಮೂರು ತಿಂಗಳ ಹಿಂದೆ ಹಾಕಿಸಿದ ಪ್ಯಾಡಿನ ಮೈ ಸುಟ್ಟ ರೊಟ್ಟಿಯಂತೆ ಬಿರಿದಿತ್ತು. ಪ್ಯಾಡಿನ ಮೇಲೆ ತಯಾರಕನ ಹೆಸರೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ.

ಆದ್ದರಿಂದ ಬ್ರೇಕು, ಸ್ಟಿಯರಿಂಗು, ಚಕ್ರವನ್ನು ಹಿಡಿದಿರುವ ಕೀಲುಗಳು, ಇವುಗಳ ಬಗ್ಗೆ ನಾನು ಮೊದಲ ಎರಡು ಬಗೆಗಳನ್ನು ಬಿಟ್ಟು ಕೆಳಗಿಳಿಯುವುದಿಲ್ಲ. ಹಳೆಯ ಕಾರಿನ ಬಡ ಒಡೆಯ ಏನು ಮಾಡಬೇಕು ಎಂದು ಕೇಳಬಹುದು. ಬಾಗಿಲ ಹಿಡಿಯಲ್ಲಿ ಉಳಿಸಿ ಬ್ರೇಕಿಗೆ ಹಾಕಬೇಕು. ನಮ್ಮವರು ಸಾಮಾನ್ಯವಾಗಿ ಇದನ್ನು ತಿರುಗುಮುರುಗು ಮಾಡುತ್ತಾರೆ: ಕಣ್ಣಿಗೆ ಕಾಣುವ ಬಂಪರು ಅಸಲಿಯೇ ಆಗಬೇಕು, ಕಾಣದ ಪ್ಯಾಡು ಯಾವುದಾದರೂ ನಡೆದೀತು.

ಇನ್ನು ಪ್ರಕ್ಷಿಪ್ತವನ್ನು ಗುರುತಿಸುವುದು ಹೇಗೆ? ಮೊದಲು ಭಾಗದ ಸಂಖ್ಯೆ. ಬಿಚ್ಚಿದ ಹಳೆಯ ಭಾಗವನ್ನು ಮೆಕ್ಯಾನಿಕ್ಕಿನಿಂದ ಕೇಳಿ ಪಡೆದು, ಅದರ ಮೇಲಿನ ಸಂಖ್ಯೆಯನ್ನೂ ಹೊಸದರ ಸಂಖ್ಯೆಯನ್ನೂ ಹೋಲಿಸಿ ನೋಡಬೇಕು. ಕೈಯಲ್ಲಿ ತೂಗಿ ನೋಡಿದರೂ ಕೆಲವು ಸಲ ಗೊತ್ತಾಗುತ್ತದೆ, ನಕಲಿ ಹಗುರ. ಜಿಎಸ್‌ಟಿ ಸಂಖ್ಯೆಯುಳ್ಳ ರಸೀದಿ ಕೊಡಲು ಅಂಗಡಿಯವನು ಅನುಮಾನಿಸಿದರೆ ನಾವೂ ಅನುಮಾನಿಸಬೇಕು. ನನಗಂತೂ ಇನ್ನೊಂದು ಸಾಧನ ಕರತಲಾಮಲಕವಾಗಿದೆ. ಬದುಕಿಡೀ ಕರಡಚ್ಚು ತಿದ್ದಿದವನ ಕಣ್ಣು ಪೆಟ್ಟಿಗೆಯ ಮೇಲಿನ ಕಾಗುಣಿತವನ್ನು ಬಿಡುವುದಿಲ್ಲ. ಒಮ್ಮೆ ಒಂದು ಪ್ರಖ್ಯಾತ ಹೆಸರಿನ ಪೆಟ್ಟಿಗೆಯಲ್ಲಿ 'ಜೆನ್ಯೂಯಿನ್' ಎಂಬ ಪದದ ಒಂದು ಅಕ್ಷರವೇ ಬಿದ್ದುಹೋಗಿತ್ತು! ತಾನು ಅಸಲಿ ಎಂದು ಸಾರುವ ಪದದಲ್ಲಿಯೇ ಸ್ಖಾಲಿತ್ಯ.

ಆದರೆ ಪೆಟ್ಟಿಗೆ ನಿಜವಾಗಿಯೂ ಅಸಲಿಯಾಗಿದ್ದು, ಒಳಗಿನದು ನಕಲಿಯಾಗಿದ್ದರೆ ಯಾವ ಕರಡು ತಿದ್ದುವವನೂ ಸೋಲುತ್ತಾನೆ. ಗ್ಯಾರೇಜುಗಳ ತಿಪ್ಪೆಯಿಂದ ಕಂಪನಿಯ ಖಾಲಿ ಪೆಟ್ಟಿಗೆಗಳನ್ನು ಆಯ್ದು, ಅವಕ್ಕೆ ಬೆಲೆ ಕೊಟ್ಟು ಕೊಳ್ಳುವವರಿದ್ದಾರೆ ಎಂದು ನನ್ನ ವಿದ್ಯಾರ್ಥಿ ಹೇಳಿದ. ಅದಕ್ಕಾಗಿಯೇ ಅವನು ಗಿರಾಕಿ ಸರಕನ್ನು ನೋಡಿ ಒಪ್ಪಿದೊಡನೆ, ಪೆಟ್ಟಿಗೆಯ ಮುಖಕ್ಕೆ ಬ್ಲೇಡಿನಿಂದ ಉದ್ದಕ್ಕೆ ಒಂದು ಗೀರು ಎಳೆದೇ ಕೈಗೆ ಕೊಡುವುದು.