ಅಂಕೆಗೆ ಅಂಟಿದ ಪ್ರತ್ಯಯ

ಸಂಖ್ಯೆಯಷ್ಟು ಖಚಿತವಾದ ಮಾತು ಬೇರೊಂದಿಲ್ಲವೆಂದು ಜನ ನಂಬುತ್ತಾರೆ. ಆದರೆ ಒಂಟಿಯಾಗಿ ನಿಂತ ಸಂಖ್ಯೆ ಮೂಕ. ‘ಐದು’ ಎಂದೊಡನೆ ಕೇಳುವವನ ಮನಸ್ಸಿನಲ್ಲಿ ‘ಐದು ಏನು?’ ಎಂಬ ಪ್ರಶ್ನೆ ಏಳುತ್ತದೆ. ಐದು ಗ್ರಾಂ ಏಲಕ್ಕಿಗೂ ಐದು ಕಿಲೋಗ್ರಾಂ ಅಕ್ಕಿಗೂ ಅಂಕೆ ಒಂದೇ. ತೂಕದಲ್ಲಿ ಮಾತ್ರ ಸಾವಿರ ಪಟ್ಟು ಅಂತರ. ಕನ್ನಡ ವ್ಯಾಕರಣವನ್ನು ಓದಿದವರಿಗೆ ಈ ಸಂಗತಿ ಹೊಸದಲ್ಲ. ‘ಮರ’ ಎಂಬ ಪ್ರಕೃತಿಗೆ ‘ಅನ್ನು’ ಸೇರಿದರೆ ಒಂದು ಅರ್ಥ, ‘ಇಂದ’ ಸೇರಿದರೆ ಮತ್ತೊಂದು ಅರ್ಥ. ಹಾಗೆಯೇ ಅಂಕೆಯನ್ನು ಪ್ರಕೃತಿಯೆಂದು ಭಾವಿಸಿದರೆ, ಅದರ ಹಿಂದೆ ಬರುವ ಅಳತೆಯ ಮಾನವೇ ಪ್ರತ್ಯಯ. ಪ್ರತ್ಯಯವನ್ನು ಕಡೆಗಣಿಸಿ ಅರ್ಥಮಾಡಹೊರಟರೆ ವಾಕ್ಯ ಕೆಡುವಂತೆ, ಮಾನವನ್ನು ಕಡೆಗಣಿಸಿದರೆ ಲೆಕ್ಕ ಕೆಡುತ್ತದೆ.

ಮನುಷ್ಯನು ಈ ಪದವಿಭಾಗವನ್ನು ತನಗರಿವಿಲ್ಲದೆಯೇ ಮಾಡುತ್ತಿರುತ್ತಾನೆ. ಬೆಂಗಳೂರಿನ ರಾಜಾಜಿನಗರದ ದಿನಸಿ ಅಂಗಡಿಯೊಂದಕ್ಕೆ ಒಂದು ಚೀಟಿ ಬಂದಿತೆನ್ನೋಣ: ‘ಅಕ್ಕಿ 5 ಕೆ.ಜಿ., ಸಾಸಿವೆ 100 ಗ್ರಾಂ, ಬೇಳೆ 2, ಜೀರಿಗೆ 50.’ ಕೊನೆಯ ಎರಡು ಪದಾರ್ಥಗಳ ಮುಂದೆ ಮಾನವಿಲ್ಲ. ಆದರೂ ಅಂಗಡಿಯವನು ಬೇಳೆಯನ್ನು ಕಿಲೋ ಲೆಕ್ಕದಲ್ಲಿಯೂ ಜೀರಿಗೆಯನ್ನು ಗ್ರಾಂ ಲೆಕ್ಕದಲ್ಲಿಯೂ ಕಟ್ಟಿಕೊಡುತ್ತಾನೆ. ಐವತ್ತು ಕಿಲೋ ಜೀರಿಗೆ ಯಾವ ಸಂಸಾರಕ್ಕೂ ಬೇಕಾಗದೆಂಬುದನ್ನು ಅವನು ಬಲ್ಲ. ವಿಜಯನಗರದಲ್ಲಿಯೋ ಬಸವೇಶ್ವರನಗರದಲ್ಲಿಯೋ ‘ಮೂವತ್ತು ನಲವತ್ತರ ನಿವೇಶನ’ ಎಂದರೆ ಸಾಕು, ಅದು ಅಡಿಗಳ ಲೆಕ್ಕವೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬರೆಯದೆ ಬಿಟ್ಟ ಪ್ರತ್ಯಯವನ್ನು ಇಲ್ಲಿ ಲೋಕರೂಢಿ ತುಂಬಿಕೊಡುತ್ತದೆ.

ಗಣಕಯಂತ್ರಕ್ಕೆ ಲೋಕರೂಢಿ ಎಂಬುದಿಲ್ಲ. ಅದಕ್ಕೆ ಎಲ್ಲವನ್ನೂ ಬಿಡಿಸಿ ಹೇಳಬೇಕು. ಹಾಗೆ ಹೇಳಲು ಬಳಸುವ ಭಾಷೆಗಳಲ್ಲಿ ‘ಸಿ’ ಎಂಬುದು ಪ್ರಸಿದ್ಧವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರು 1972ರ ಸುಮಾರಿಗೆ ಇದನ್ನು ರೂಪಿಸಿದರು. ಈ ಭಾಷೆಗೆ ‘250 ಗ್ರಾಂ’ ಎಂಬ ಬರಹ ಸಂಖ್ಯೆಯಲ್ಲ. ಒಂದರ ಪಕ್ಕದಲ್ಲೊಂದು ಕುಳಿತ ಅಕ್ಷರಗಳ ಸಾಲು, ಅಷ್ಟೆ. ರೂಢಿಯಲ್ಲಿರುವ ಸಂಕೇತಪಟ್ಟಿಯಲ್ಲಿ ‘0’ ಎಂಬ ಚಿಹ್ನೆಗೆ 48, ‘1’ಕ್ಕೆ 49, ಹೀಗೆ ‘9’ಕ್ಕೆ 57 ಎಂಬ ಕ್ರಮಸಂಖ್ಯೆಗಳಿವೆ. ಆದುದರಿಂದ ಚಿಹ್ನೆಯ ಕ್ರಮಸಂಖ್ಯೆಯಿಂದ 48ನ್ನು ಕಳೆದರೆ ಅದರ ಬೆಲೆ ದೊರೆಯುತ್ತದೆ. ಮೊದಲು 2 ಸಿಕ್ಕಿತು. ಅದನ್ನು ಹತ್ತರಿಂದ ಗುಣಿಸಿ 5ನ್ನು ಕೂಡಿದರೆ 25. ಮತ್ತೆ ಹತ್ತರಿಂದ ಗುಣಿಸಿ ಸೊನ್ನೆಯನ್ನು ಕೂಡಿದರೆ 250. ಅಂಕೆಯಲ್ಲದ ಚಿಹ್ನೆ ಎದುರಾದೊಡನೆ ಎಣಿಕೆ ನಿಲ್ಲುತ್ತದೆ.

ಎಣಿಕೆ ಎಲ್ಲಿ ನಿಂತಿತು ಎಂಬುದೇ ಇಲ್ಲಿ ಮುಖ್ಯವಾದ ವಿಷಯ. ಸಿ ಭಾಷೆಯಲ್ಲಿ ಈ ಕೆಲಸಕ್ಕೆಂದು ಸಿದ್ಧವಾಗಿರುವ ಸಾಧನಗಳಲ್ಲಿ ‘ಅಟಾಯ್’ ಎಂಬುದು ಹಳೆಯದು. ಅದು ಸಂಖ್ಯೆಯನ್ನು ಮಾತ್ರ ತಂದೊಪ್ಪಿಸುತ್ತದೆ; ಎಲ್ಲಿ ನಿಂತೆನೆಂದು ಹೇಳುವುದಿಲ್ಲ. ಓದಲು ಅಂಕೆಯೇ ಸಿಗದಿದ್ದರೆ ಸೊನ್ನೆಯನ್ನು ಕೊಟ್ಟು ಸುಮ್ಮನಾಗುತ್ತದೆ. ಹೀಗಾಗಿ ‘ಸೊನ್ನೆ ಇದೆ’ ಎಂಬುದಕ್ಕೂ ‘ಏನೂ ತಿಳಿಯಲಿಲ್ಲ’ ಎಂಬುದಕ್ಕೂ ಭೇದವೇ ಉಳಿಯುವುದಿಲ್ಲ. ‘ಸ್ಟ್ರ್‌ಟಾಲ್’ ಎಂಬ ಇನ್ನೊಂದು ಸಾಧನ ಹಾಗಲ್ಲ. ಅದು ಸಂಖ್ಯೆಯನ್ನು ಕೊಡುವುದರೊಂದಿಗೆ, ತಾನು ಓದಿ ನಿಲ್ಲಿಸಿದ ಸ್ಥಳವನ್ನೂ ಬೆರಳಿಟ್ಟು ತೋರಿಸುತ್ತದೆ. ಆ ಸ್ಥಳದಿಂದಲೇ ಪ್ರತ್ಯಯದ ಪರಿಶೀಲನೆ ಆರಂಭವಾಗಬೇಕು.

ಆಗ ಕ್ರಮವಿಧಿಯನ್ನು ಬರೆಯುವವನು ನಾಲ್ಕು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಒಂದಾದರೂ ಅಂಕೆ ಸಿಕ್ಕಿತೇ? ಓದಲು ತೊಡಗಿದ ಸ್ಥಳವೂ ನಿಂತ ಸ್ಥಳವೂ ಒಂದೇ ಆಗಿದ್ದರೆ ಸಿಗಲಿಲ್ಲವೆಂದೇ ಅರ್ಥ. ನಡುವೆ ಖಾಲಿ ಜಾಗವಿದ್ದರೆ ಅದನ್ನು ದಾಟಿದ ಮೇಲೆ ಕಾಣುವ ಮಾನ ತನ್ನ ಪಟ್ಟಿಯಲ್ಲಿ ಇದೆಯೇ? ಇದ್ದರೆ ಕಿಲೋಗ್ರಾಮಿಗೆ ಸಾವಿರ, ಗ್ರಾಮಿಗೆ ಒಂದು ಎಂಬಂತೆ ಗುಣಿಸಿ, ಎಲ್ಲವನ್ನೂ ಒಂದೇ ಮಾನಕ್ಕೆ ತಂದಿಟ್ಟುಕೊಳ್ಳಬಹುದು. ಮಾನದ ನಂತರ ಬೇರೆ ಏನಾದರೂ ಉಳಿದಿದೆಯೇ? ಉಳಿದಿದ್ದರೆ ಬರಹವನ್ನು ಪೂರ್ತಿಯಾಗಿ ಅರ್ಥಮಾಡಿಕೊಂಡಂತಾಗಲಿಲ್ಲ. ಕೊನೆಯದಾಗಿ, ಗುಣಿಸಿ ಬಂದ ಮೊತ್ತವನ್ನು ಇಡಲು ಪಾತ್ರೆ ಸಾಕೇ? ಮೂವತ್ತೆರಡು ಬಿಟ್ಟುಗಳ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 214,74,83,647. ‘3 ಜಿಬಿ’ ಎಂಬಲ್ಲಿ ಅಂಕೆ ಮೂರೇ ಆದರೂ, 1024ನ್ನು ಮೂರು ಬಾರಿ ಗುಣಿಸಿದಾಗ ಮೊತ್ತ 322 ಕೋಟಿಯನ್ನು ಮೀರಿ ಪಾತ್ರೆ ತುಳುಕುತ್ತದೆ. ಆದಕಾರಣ ಗುಣಿಸುವುದಕ್ಕೆ ಮೊದಲೇ, ಆ ಮಿತಿಯನ್ನು ಗುಣಕದಿಂದ ಭಾಗಿಸಿ ನೋಡುವುದು ಜಾಣತನ. ಪ್ರತ್ಯಯಗಳಲ್ಲಿಯೂ ಬಲೆಗಳಿವೆ. ‘ಕಿಲೋ’ ಎಂಬುದು ತಕ್ಕಡಿಯಲ್ಲಿ 1000. ಗಣಕದ ಸ್ಮರಣೆಯಲ್ಲಿ ಅನೇಕ ವೇಳೆ 1024. ಈ ಗೊಂದಲವನ್ನು ನಿವಾರಿಸಲೆಂದೇ 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು ಎರಡನೆಯದಕ್ಕೆ ‘ಕಿಬಿ’ ಎಂಬ ಬೇರೆ ಹೆಸರನ್ನಿಟ್ಟಿತು.

ಕನ್ನಡಿಗರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ‘30’ ಎಂದು ಬರೆದುದನ್ನು ಓದಬಲ್ಲ ಈ ಸಾಧನಗಳ ಕಣ್ಣಿಗೆ ‘೩೦’ ಸಂಖ್ಯೆಯಾಗಿ ಕಾಣುವುದೇ ಇಲ್ಲ. ಆದರೆ ಯುನಿಕೋಡ್ ಪಟ್ಟಿಯಲ್ಲಿ ಕನ್ನಡದ ಹತ್ತು ಅಂಕೆಗಳಿಗೂ ಒಂದರ ಹಿಂದೊಂದರಂತೆ ಸ್ಥಾನಗಳಿವೆ. ಕನ್ನಡದ ಸೊನ್ನೆಯ ಕ್ರಮಸಂಖ್ಯೆಯನ್ನು ಕಳೆದರೆ ಇಲ್ಲಿಯೂ ಬೆಲೆ ದೊರೆಯುತ್ತದೆ. ದಾರಿ ಅದೇ, ಅದನ್ನು ತೆರೆದಿಡುವ ಶ್ರಮವನ್ನು ಯಾರಾದರೂ ವಹಿಸಬೇಕು, ಅಷ್ಟೆ.

ಮಾನಗಳ ಗೊಂದಲ ಗಣಕದೊಂದಿಗೆ ಹುಟ್ಟಿದ್ದಲ್ಲ. ಮೈಸೂರು ಸೀಮೆಯಲ್ಲಿ ಧಾನ್ಯವನ್ನು ಪಾವು, ಸೇರು, ಕೊಳಗ, ಖಂಡುಗಗಳಲ್ಲಿ ಅಳೆಯುತ್ತಿದ್ದರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕ ಒಂದೇ ಆದರೂ, ಕೊಳಗದ ಗಾತ್ರ ಊರಿನಿಂದೂರಿಗೆ ಬೇರೆಯಾಗುತ್ತಿತ್ತು. 1800-01ರಲ್ಲಿ ಈ ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ನನು ಹೋದೆಡೆಯಲ್ಲೆಲ್ಲ ಅಲ್ಲಲ್ಲಿಯ ಅಳತೆಗಳನ್ನು ಬೇರೆ ಬೇರೆಯಾಗಿ ಗುರುತಿಸಿಕೊಳ್ಳಬೇಕಾಯಿತು. 1956ರ ತೂಕ ಮತ್ತು ಅಳತೆಗಳ ಶಾಸನವು ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿಯನ್ನು ತಂದಿತು. ಅಂಗಡಿಯಲ್ಲಿ ಸೇರು ಮರೆಯಾಯಿತು. ನೆಲದ ಅಳತೆಯಲ್ಲಿ ಮಾತ್ರ ಎಕರೆ, ಗುಂಟೆ, ಅಡಿಗಳು ಉಳಿದುಕೊಂಡವು.

ಗುಂಟೆಯ ಲೆಕ್ಕವನ್ನು ನೋಡಿದರೆ ಪ್ರತ್ಯಯದ ಮಹತ್ತ್ವ ಮನಸ್ಸಿಗೆ ನಾಟುತ್ತದೆ. ನಲವತ್ತು ಗುಂಟೆಗೆ ಒಂದು ಎಕರೆ; ಒಂದು ಗುಂಟೆಗೆ 1089 ಚದರ ಅಡಿ. ಕೆಂಗೇರಿ ಹೋಬಳಿಯ ರೈತನೊಬ್ಬನ ಪಹಣಿಯಲ್ಲಿ ‘2-20’ ಎಂದಿದ್ದರೆ ಎರಡು ಎಕರೆ ಇಪ್ಪತ್ತು ಗುಂಟೆ ಎಂದರ್ಥ. ಒಟ್ಟು ನೂರು ಗುಂಟೆ. ನಡುವೆ ಅಡ್ಡಗೆರೆಯ ಬದಲು ಚುಕ್ಕೆಯಿದ್ದರೂ ಅದು ದಶಾಂಶದ ಚುಕ್ಕೆಯಲ್ಲ. ಇದನ್ನರಿಯದ ಕ್ರಮವಿಧಿಯೊಂದು ‘2.20’ನ್ನು ದಶಾಂಶವೆಂದು ಓದಿದರೆ ಎಂಬತ್ತೆಂಟು ಗುಂಟೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಕಳೆದುಹೋದ ಹನ್ನೆರಡು ಗುಂಟೆ ಎಂದರೆ 13,068 ಚದರ ಅಡಿ. ಮೂವತ್ತು ನಲವತ್ತರ ಹನ್ನೊಂದು ನಿವೇಶನಗಳಿಗೆ ಸ್ವಲ್ಪವೇ ಕಡಿಮೆ! 2000ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಸುಮಾರು ಎರಡು ಕೋಟಿ ಪಹಣಿಗಳು ಗಣಕಕ್ಕೆ ಏರಿದವೆಂಬುದನ್ನು ನೆನೆದರೆ, ಇಂಥ ಬರಹವನ್ನು ಸರಿಯಾಗಿ ಓದಿಸುವ ಹೊಣೆ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ. ಗೆರೆಯ ಎಡಬಲಗಳನ್ನು ಎರಡು ಬೇರೆ ಸಂಖ್ಯೆಗಳಾಗಿ ಓದಬೇಕು. ‘2-45’ ಎಂದು ಬಂದರೆ, ಗುಂಟೆ ನಲವತ್ತನ್ನು ಮುಟ್ಟಲಾರದಾದ್ದರಿಂದ, ಒಪ್ಪದೆ ಹಿಂದಿರುಗಿಸಬೇಕು.

ಬಲ್ಲವರೂ ಈ ವಿಷಯದಲ್ಲಿ ಎಡವಿದ್ದುಂಟು. ಅಮೆರಿಕದ ನಾಸಾ ಸಂಸ್ಥೆಯು ಮಂಗಳಗ್ರಹಕ್ಕೆ ಕಳುಹಿಸಿದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆಯು 1999ರ ಸೆಪ್ಟೆಂಬರ್ 23ರಂದು ಕಣ್ಮರೆಯಾಯಿತು. ಭೂಮಿಯಲ್ಲಿದ್ದ ಒಂದು ಕ್ರಮವಿಧಿ ನೌಕೆಗೆ ದೊರೆತ ನೂಕುಬಲದ ಲೆಕ್ಕವನ್ನು ಪೌಂಡುಗಳ ಮಾನದಲ್ಲಿ ಬರೆದಿಟ್ಟರೆ, ಮತ್ತೊಂದು ಅದನ್ನು ನ್ಯೂಟನ್ ಮಾನವೆಂದು ಓದಿಕೊಂಡಿತು. ಎರಡರ ನಡುವೆ ಸುಮಾರು ನಾಲ್ಕೂವರೆ ಪಟ್ಟು ಅಂತರ. ನೌಕೆಯು ಎಣಿಸಿದ್ದಕ್ಕಿಂತ ಬಹಳ ಕೆಳಗಿನ ಹಾದಿಯಲ್ಲಿ ಮಂಗಳನ ವಾಯುಮಂಡಲವನ್ನು ಹೊಕ್ಕಿತು. ಅಂಕೆಗಳಲ್ಲಿ ತಪ್ಪಿರಲಿಲ್ಲ, ಅವುಗಳ ಪ್ರತ್ಯಯ ಓದುವವನ ಕೈಗೆ ಸೇರಿರಲಿಲ್ಲ.

ಮನುಷ್ಯನು ಊಹೆಯಿಂದ ಬದುಕನ್ನು ಹಗುರ ಮಾಡಿಕೊಳ್ಳುತ್ತಾನೆ. ಅಂಗಡಿಯವನ ಊಹೆಯ ಹಿಂದೆ ಅನುಭವವಿದೆ. ಸಂದೇಹ ಬಂದರೆ ಕೇಳಲು ಬಾಯಿಯೂ ಇದೆ. ಯಂತ್ರದ ಊಹೆಗೆ ಈ ಎರಡೂ ಇಲ್ಲ. ಆದುದರಿಂದ ತಿಳಿಯದ ಮಾನ ಎದುರಾದಾಗ ‘ತಿಳಿಯಲಿಲ್ಲ’ ಎಂದು ನಿಂತುಬಿಡುವ ವಿನಯವನ್ನು ಅದಕ್ಕೆ ಕಲಿಸಬೇಕಾದವನು ಕ್ರಮವಿಧಿಯನ್ನು ಬರೆಯುವವನೇ. ಬರೆಯುವವರು ಅಂಕೆಯ ಮುಂದೆ ಮಾನವನ್ನು ಬರೆಯಲಿ. ಓದುವವರು ಮಾನ ಕಾಣದಿದ್ದರೆ ಕೇಳಲಿ. ಲೆಕ್ಕದ ಸತ್ಯ ನಿಂತಿರುವುದು ಅಂಕೆಯಲ್ಲಿ ಎಷ್ಟೋ, ಅದರ ಹಿಂದಿರುವ ಒಂದೆರಡು ಅಕ್ಷರಗಳಲ್ಲಿಯೂ ಅಷ್ಟೇ.