ಬಿರುಕುಬಿಟ್ಟ ಮರದ ಪಾನಪಾತ್ರೆ

ಬಡಗಿಯ ಅಂಗಳದ ಮೂಲೆಯಲ್ಲಿ ಬಿರುಕುಬಿಟ್ಟ ಮರದ ತುಂಡುಗಳು ರಾಶಿಯಾಗಿ ಬಿದ್ದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬಾಗಿಲಿಗೆ ಸಲ್ಲದ, ತೊಲೆಗೆ ಒದಗದ ಅವುಗಳಿಗೆ ಒಲೆಯೇ ಗತಿಯೆಂಬುದು ಸಾಮಾನ್ಯ ಭಾವನೆ. ಆದರೆ ಅಂಥ ತುಂಡಿನ ಸೀಳುಗಳಲ್ಲಿ ರಾಳವನ್ನು ತುಂಬಿ, ಕಡೆಯುವ ಯಂತ್ರಕ್ಕೆ ಕೊಟ್ಟು, ಅಂದವಾದ ಪಾನಪಾತ್ರೆಯನ್ನು ತೆಗೆಯುವ ಕಲೆಯೊಂದು ಈಚಿನ ದಶಕಗಳಲ್ಲಿ ಬೆಳೆದಿದೆ. ಇದರಲ್ಲಿ ರಾಳವು ಏನನ್ನು ಮಾಡಬಲ್ಲುದು, ಏನನ್ನು ಮಾಡಲಾರದು ಎಂಬುದನ್ನು ವಿಚಾರಮಾಡೋಣ.

ಮೊದಲು, ಮರ ಬಿರಿಯುವುದೇಕೆ? ಹಸಿಮರದಲ್ಲಿ ನೀರು ಎರಡು ಬಗೆಯಾಗಿರುತ್ತದೆ: ಜೀವಕೋಶಗಳ ಪೊಳ್ಳಿನಲ್ಲಿ ನಿಂತ ನೀರು ಒಂದು, ಅವುಗಳ ಗೋಡೆಯಲ್ಲಿಯೇ ಬೆರೆತ ನೀರು ಇನ್ನೊಂದು. ಮೊದಲನೆಯದು ಆರಿದಾಗ ಮರದ ತೂಕ ಇಳಿಯುವುದೇ ಹೊರತು ಗಾತ್ರ ಕುಗ್ಗದು. ತೇವವು ಒಣಮರದ ತೂಕದ ಶೇಕಡಾ ೩೦ರ ಸುಮಾರಿಗೆ ಇಳಿದ ಮೇಲೆ ಗೋಡೆಯ ನೀರು ಹೊರಡತೊಡಗುತ್ತದೆ. ಆಗ ಮರ ಕುಗ್ಗುತ್ತದೆ. ಎಲ್ಲ ದಿಕ್ಕಿಗೂ ಒಂದೇ ಸಮನಾಗಿ ಕುಗ್ಗಿದ್ದರೆ ಚಿಂತೆಯಿರಲಿಲ್ಲ. ಹಸಿ ತೇಗವು ಪೂರ್ಣವಾಗಿ ಒಣಗುವಾಗ ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಶೇಕಡಾ ೨.೫ರಷ್ಟು ಕುಗ್ಗಿದರೆ, ಬೆಳವಣಿಗೆಯ ಬಳೆಗಳ ಸುತ್ತಿನಲ್ಲಿ ಅದರ ಇಮ್ಮಡಿಗೂ ಮಿಗಿಲಾಗಿ ಕುಗ್ಗುತ್ತದೆ. ಸುತ್ತಳತೆ ಹೆಚ್ಚಾಗಿ ಕುಗ್ಗಿ ವ್ಯಾಸವು ಅಷ್ಟು ಕುಗ್ಗದಿರುವಾಗ, ದಿಮ್ಮಿಯು ಎಳೆತವನ್ನು ತಾಳಲಾರದೆ ಬಂಡಿಯ ಗಾಲಿಯ ಕಡ್ಡಿಗಳಂತೆ ನಡುವಿನಿಂದ ಅಂಚಿಗೆ ಸೀಳುತ್ತದೆ. ಆದುದರಿಂದ ಬಿರುಕು ಮರದ ರೋಗವಲ್ಲ. ಅದರ ರಚನೆಯಿಂದಲೇ ಒದಗುವ ಫಲ.

ಮರಕ್ಕೂ ರಾಳಕ್ಕೂ ನಂಟು ನಮ್ಮ ದೇಶದಲ್ಲಿ ಹಳೆಯದು. ಚೆನ್ನಪಟ್ಟಣದ ಕುಶಲಕರ್ಮಿಗಳು ತಿರುಗುತ್ತಿರುವ ಹಾಲೆಮರದ ಗೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರವನ್ನು ಹೊದೆಯುತ್ತದೆ. ಕೇದಗೆಯ ಜಾತಿಯ ಎಲೆಯಿಂದ ಉಜ್ಜಿದರೆ ಹೊಳಪೇರುತ್ತದೆ. ಕೀಟವೊಂದು ಸ್ರವಿಸುವ ಈ ರಾಳದಿಂದ ಪೀಠೋಪಕರಣಗಳ ಸಣ್ಣ ಬಿರುಕುಗಳನ್ನು ಮುಚ್ಚುವುದೂ ಉಂಟು. ಆದರೆ ಅರಗು ಪೆಡಸು. ಕಾವಿಗೂ ಮದ್ಯಸಾರಕ್ಕೂ ಸೋಲುತ್ತದೆ. ಅಗಲವಾದ ಸೀಳನ್ನು ಹಿಡಿದಿಟ್ಟು ಉಳಿಯ ಹೊಡೆತವನ್ನು ತಾಳಲು ಬೇರೆಯದೇ ಬೇಕು.

ಆ ಕೆಲಸಕ್ಕೆ ಒದಗಿದುದು ಎಪಾಕ್ಸಿ ಎಂಬ ಕೃತಕ ರಾಳ. ೧೯೩೦ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ತಾನ್ ಎಂಬ ರಸಾಯನಜ್ಞರು ಇದನ್ನು ರೂಪಿಸಿದವರಲ್ಲಿ ಒಬ್ಬರು. ೧೯೪೬ರಲ್ಲಿ ಇದರ ಅಂಟು ಅರಾಲ್ಡೈಟ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಎರಡು ದ್ರವಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿದರೆ ಅವುಗಳ ಅಣುಗಳು ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತವೆ. ಒಮ್ಮೆ ಹೆಣೆದುಕೊಂಡ ಮೇಲೆ, ಅರಗಿನಂತೆ ಅದನ್ನು ಮತ್ತೆ ಕರಗಿಸಲಾಗದು. ಈ ಕೂಟದಲ್ಲಿ ಶಾಖ ಹುಟ್ಟುತ್ತದೆ. ಆಳವಾದ ಸೀಳಿಗೆ ಒಮ್ಮೆಗೇ ಸುರಿದರೆ ಶಾಖವು ಒಳಗೇ ನಿಂತು ರಾಳವು ನೊರೆಯೆದ್ದು ಬಿರಿಯಬಹುದು. ಆದಕಾರಣ ಪದರಪದರವಾಗಿ ತುಂಬಬೇಕು. ಮರದ ರಂಧ್ರಗಳ ಗಾಳಿಯು ಗುಳ್ಳೆಯಾಗಿ ಏಳದಂತೆ ಮೊದಲು ತೆಳ್ಳಗೆ ಒಂದು ಲೇಪನವನ್ನು ಕೊಡುವುದೂ ವಾಡಿಕೆ.

ಮುಖ್ಯವಾದ ಮಾತು ಇಲ್ಲಿಯೇ ಇದೆ. ಹಸಿಮರದ ಬಿರುಕಿಗೆ ರಾಳ ತುಂಬುವುದು ವ್ಯರ್ಥ. ತೇವವಿದ್ದಲ್ಲಿ ರಾಳ ಚೆನ್ನಾಗಿ ಹಿಡಿಯದು. ಹಿಡಿದರೂ, ತುಂಬಿದ ರಾಳವು ಮರದೊಡನೆ ಕುಗ್ಗದು. ಮರವು ಮುಂದೆಯೂ ಒಣಗುತ್ತ, ಒಂದೋ ರಾಳದ ಅಂಚಿನಿಂದ ಬಿಟ್ಟುಬರುತ್ತದೆ, ಇಲ್ಲವೆ ಪಕ್ಕದಲ್ಲಿ ಹೊಸ ಸೀಳನ್ನು ತೆರೆಯುತ್ತದೆ. ವಾರದಿಂದ ವಾರಕ್ಕೆ ತುಂಡನ್ನು ತೂಗಿ, ತೂಕ ಇಳಿಯುವುದು ನಿಂತಿತೆಂದು ಖಚಿತವಾದ ಮೇಲೆಯೇ ರಾಳಕ್ಕೆ ಕೈಹಾಕಬೇಕು.

ಇನ್ನು ಕಡೆಯುವ ಕ್ರಮ. ಪಾನಪಾತ್ರೆಗೆ ಮೇಲೆ ಬಟ್ಟಲು, ನಡುವೆ ಕಂಬ, ಕೆಳಗೆ ಪಾದ. ನಾರು ಕಂಬದುದ್ದಕ್ಕೂ ನೇರವಾಗಿ ಹರಿದಿರಬೇಕು. ಅಡ್ಡವಾದರೆ ತೆಳುಗಂಬ ಮುರಿಯುವುದು ಖಂಡಿತ. ದೊಡ್ಡ ಬಿರುಕು ಬಟ್ಟಲಿನ ಭಾಗಕ್ಕೆ ಬರುವಂತೆ ತುಂಡನ್ನು ಹೂಡಬೇಕು; ಕಂಬಕ್ಕೆ ಅಡ್ಡಬಂದರೆ ಆ ತುಂಡನ್ನು ಬಿಟ್ಟುಬಿಡುವುದೇ ವಿವೇಕ. ಕೆಳಗೆ ಮರದ ದಪ್ಪವು ಆಸರೆಯಾಗಿರುವಾಗಲೇ ಬಟ್ಟಲಿನ ಒಳಗನ್ನು ಕೊರೆದು, ಅನಂತರ ಅದರ ಹೊರಗನ್ನು ರೂಪಿಸಿ, ಕಂಬವನ್ನು ಕಟ್ಟಕಡೆಗೆ ತೆಳುಮಾಡಬೇಕು. ವೇಗ ಮಿತವಾಗಿರಲಿ, ಉಳಿ ಹರಿತವಾಗಿರಲಿ. ಮೊಂಡು ಉಳಿ ರಾಳವನ್ನು ಚಕ್ಕೆಯಾಗಿ ಎಬ್ಬಿಸುತ್ತದೆ. ಬಿರುಕುಮರವು ತಿರುಗುವಾಗ ಸಿಡಿದರೆ ಕಣ್ಣಿಗೆ ಅಪಾಯ. ರಾಳದ ಧೂಳು ಶ್ವಾಸಕ್ಕೆ, ಗಟ್ಟಿಯಾಗದ ರಾಳ ಚರ್ಮಕ್ಕೆ ಕೆಡಕು. ಮುಖಕ್ಕೆ ಮರೆಯೂ ಮೂಗಿಗೆ ಮುಸುಕೂ ಕೈಗೆ ಚೀಲವೂ ಆಡಂಬರವಲ್ಲ.

ಹೀಗೆ ಸಿದ್ಧವಾದ ಪಾತ್ರೆಯಲ್ಲಿ ಕುಡಿಯುವ ಉದ್ದೇಶವಿದ್ದರೆ, ಆಹಾರಕ್ಕೆ ಯೋಗ್ಯವೆಂದು ಗೊತ್ತಾದ ರಾಳವನ್ನೇ ಬಳಸಿ, ಅದು ಪೂರ್ಣವಾಗಿ ಬಲಿಯುವವರೆಗೆ ಕಾಯಬೇಕು. ತಣ್ಣೀರಿಗೆ ಇದು ಸಲ್ಲುತ್ತದೆ. ನಮ್ಮ ಬಿಸಿಬಿಸಿ ಕಾಫಿಗೆ ಸಲ್ಲದು, ಏಕೆಂದರೆ ಇಂಥ ರಾಳ ಕಾವಿಗೆ ಮೆದುವಾಗುವುದುಂಟು.

ರಾಳವು ಬಿರುಕನ್ನು ತುಂಬಬಲ್ಲುದು, ಅದನ್ನೇ ಅಲಂಕಾರವಾಗಿಯೂ ಮಾಡಬಲ್ಲುದು. ಆದರೆ ಒಣಗಲು ಕೊಡಬೇಕಾದ ಕಾಲವನ್ನು ಅದು ತುಂಬಿಕೊಡಲಾರದು. ಯಾವ ತುಂಡು ಪಾತ್ರೆಗೆ, ಯಾವುದು ಒಲೆಗೆ ಎಂದು ಆರಿಸುವ ಕಣ್ಣನ್ನೂ ಕೊಡಲಾರದು. ಅವೆರಡೂ ಕಡೆಯುವವನ ಪಾಲಿಗೇ ಉಳಿದವು.